ಪ್ರಧಾನರು ಹೊಗಳಿದ ದಿನ

ಮಣಿದುರ್ಗದ ಏಳು ಸುತ್ತಿನ ಕೋಟೆಯ ಮೇಲೆ ಮಹಾನವಮಿಯ ಬಿಸಿಲು ಏರುತ್ತಿರಲು, ರಾಜಬೀದಿಯಲ್ಲಿ ಕಹಳೆ ಭೇರಿಗಳ ಘೋಷ ಮುಗಿಲು ಮುಟ್ಟಿತ್ತು; ಚೆಂಡುಹೂವಿನ ತೋರಣಗಳಡಿ ಪಟ್ಟದಾನೆ ಗಂಭೀರವಾಗಿ ಹೆಜ್ಜೆಯಿಡುತ್ತಿತ್ತು. ಅರಮನೆಯೊಳಗೆ ಮಾತ್ರ ಸ್ಮಶಾನಮೌನ. ಅಲ್ಲಿ ಸಿಂಹಾಸನದ ಬಲಗಡೆ, ದಿವಂಗತ ಹಿರಿಯ ಅರಸರ ಪಾದುಕೆಗಳಿದ್ದವು. ಹೊಗಳುತ್ತ ಹೊಗಳುತ್ತ ಯಾರೋ ನೀಡಿದ ವಿಷದ ತಾಂಬೂಲಕ್ಕೆ ಅವರು ಬಲಿಯಾದಂದಿನಿಂದ, ಆ ಪಾದುಕೆಗಳು ನಡೆದಾಡುವ ಸದ್ದು ಪ್ರಧಾನ ಮಾಯಣ್ಣನವರ ಕಿವಿಗೆ ಬೀಳುತ್ತಲೇ ಇತ್ತು. ಬೇರೆ ಯಾರಿಗೂ ಕೇಳದ ಆ ಸದ್ದನ್ನು ಕೇಳಿ ಕೇಳಿ ಅವರು ಮುದುಕರಾಗಿದ್ದರು.

ಮಾಯಣ್ಣನವರ ನಾಲಿಗೆಯೋ, ಅಬ್ಬಬ್ಬಾ! ಊರಿಗೆ ಊರೇ ಅಂಜುತ್ತಿತ್ತು. ಆ ರಾಜ್ಯದಲ್ಲೊಂದು ಪದ್ಧತಿ: ಅರಸನು ದಿನವೂ ಖಡ್ಗ ಕಟ್ಟುವ ಮುನ್ನ ಕಿರೀಟವನ್ನು ಕೈಯಲ್ಲಿ ಹಿಡಿದು, ಬರಿದಲೆಯಲ್ಲಿ ನಿಂತು, ಪ್ರಧಾನನು ಎತ್ತಿ ಹೇಳುವ ತನ್ನ ತಪ್ಪನ್ನು ತುಂಬಿದ ಸಭೆಯಲ್ಲಿ ಕೇಳಬೇಕು. ಹಿಂದಿನವರು ಬೆಲ್ಲ ಸವರಿ ಹೇಳುತ್ತಿದ್ದುದನ್ನು ಇವರು ಬೇವು ಅರೆದು ಹೇಳುತ್ತಿದ್ದರು.

ತರುಣ ಅರಸ ಸೋಮಭೂಪನು ಒಮ್ಮೆ ಏಕಾಂತದಲ್ಲಿ ನೊಂದು ಕೇಳಿದ್ದನು: "ಪ್ರಧಾನರೇ, ಒಂದು ದಿನವಾದರೂ ನನ್ನನ್ನು ಹೊಗಳಬಾರದೆ?"

"ನಿಷ್ಠುರವಾದಿ ಲೋಕವಿರೋಧಿ, ಪ್ರಭು. ಲೋಕ ನನ್ನನ್ನು ದ್ವೇಷಿಸಲಿ, ಚಿಂತೆಯಿಲ್ಲ. ನಾನು ತಮ್ಮನ್ನು ಹೊಗಳಿದ ದಿನ ಮಾತ್ರ, ತಮ್ಮ ಬೆನ್ನ ಹಿಂದೆ ಕತ್ತಿಯಿದೆಯೆಂದು ತಿಳಿಯಿರಿ."

ಈ ಬೆಳಿಗ್ಗೆ ದಳವಾಯಿ ಜಗದೇವನು ಮಾಯಣ್ಣನವರನ್ನು ಕಂಬದ ಮರೆಗೆ ಕರೆದನು.

"ತಮ್ಮ ಮಗಳು ಚಂದಲೆ ನನ್ನ ಮನೆಯಲ್ಲಿ ಸೆರೆಯಾಗಿದ್ದಾಳೆ. ಅರಸರು ಇಂದು ನನ್ನ ಭಟರೊಡನೆ ಬೇಟೆಗೆ ಹೋಗುವರು, ಮರಳಿ ಬಾರರು. ತಾವು ತಡೆದರೆ ಮಗಳ ಹೆಣ ನೋಡುವಿರಿ. ಇಂದು ಬೈಗುಳವೂ ಬೇಡ. ಹೊಗಳಿ, ಉಬ್ಬಿಸಿ ಕಳುಹಿಸಿ. ಹಿರಿಯ ಅರಸರನ್ನೂ ನಾನು ಸಿಹಿಮಾತಿನಲ್ಲೇ ಕಳುಹಿಸಿದೆ."

ಹೊಗಳಿ ಹೊಗಳಿಯೇ ಮೇಲೇರಿದ ಪಾಪಿಗೆ ಬೇರೆ ಉಪಾಯ ಹೊಳೆಯುವುದಾದರೂ ಹೇಗೆ!

ಮಾಯಣ್ಣನವರಿಗೆ ತಾಯಿಯಿಲ್ಲದ ಮಗಳು ಒಂದೆಡೆ, ಉಂಡ ಮನೆಯ ಋಣ ಇನ್ನೊಂದೆಡೆ. ಪಾದುಕೆಗಳ ಸದ್ದು ಟಕ್ ಟಕ್ ಎಂದು ಅವರತ್ತಲೇ ಬಂದು, ಎದುರಿಗೆ ನಿಂತಿತು.

ಸಭೆ ನೆರೆಯಿತು. ಅರಸನು ಬರಿದಲೆಯಲ್ಲಿ ನಿಂತನು. ಅವನ ಬೆನ್ನಿಗೆ ಜಗದೇವ. ಮಾಯಣ್ಣನವರು ಕೈಜೋಡಿಸಿ ಎದ್ದರು.

"ಪ್ರಭು, ತಮ್ಮಲ್ಲಿ ಯಾವ ಕುಂದೂ ಇಲ್ಲ. ತಾವು ಇಂದ್ರಸಮಾನರು. ತಮ್ಮಂಥ ಅರಸರನ್ನು ಪಡೆದ ನಾವೇ ಪುಣ್ಯವಂತರು."

ಸಭೆ ಬೆಕ್ಕಸಬೆರಗಾಯಿತು. ಜಗದೇವನು ಮೀಸೆ ತಿರುವಿದನು. ಅರಸನ ಮುಖದಲ್ಲಿ ಮೊದಲು ನಗು ಮೂಡಿತು. ಮರುಕ್ಷಣವೇ ಮುಖ ಬಿಳುಚಿತು.

"ಬಾಗಿಲು ಮುಚ್ಚಿ! ಬೇಟೆ ನಿಂತಿತು," ಎಂದು ಗರ್ಜಿಸಿ ಅವನು ಪಕ್ಕದ ಕಾವಲಿನವನ ಖಡ್ಗ ಸೆಳೆದು ಹಿಂದಕ್ಕೆ ತಿರುಗಿದನು.

ಜಗದೇವನ ಕಠಾರಿ ಆಗಲೇ ಒರೆಯಿಂದ ಹೊರಬಂದಿತ್ತು. ಆದರೆ ಮುದಿಪ್ರಧಾನರು ಅದೆಲ್ಲಿಯ ಬಲದಿಂದಲೋ ನಡುವೆ ನುಗ್ಗಿ, ಅದನ್ನು ತಮ್ಮ ಎದೆಗೇ ತೆಗೆದುಕೊಂಡರು. ಕಾವಲಿನವರು ಜಗದೇವನನ್ನು ಕೆಡವಿ ಕಟ್ಟಿದರು.

ಅರಸನು ಪ್ರಧಾನರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನಂತೆ ಅತ್ತನು.

"ಛೀ!" ಎಂದರು ಮಾಯಣ್ಣನವರು. "ತುಂಬಿದ ಸಭೆಯಲ್ಲಿ ಅರಸನಾದವನು ಅಳುವುದೆ? ನನ್ನ ಚಂದಲೆ ಅವನ ಮನೆಯಲ್ಲಿ ಸೆರೆಯಿದ್ದಾಳೆ. ಏಳಿ ಮೇಲೆ!"

ಅರಸನು ತಾನೇ ಕುದುರೆಯೇರಿ ಹೋಗಿ ಚಂದಲೆಯನ್ನು ಜೀವಸಹಿತ ಕರೆತಂದನು. ತಂದೆ ಅಷ್ಟು ಹೊತ್ತು ಕಾದಿರಲಿಲ್ಲ.

ಆಮೇಲೆ ಪ್ರಧಾನರ ಪೀಠದ ಮೇಲೆ ಯಾರೂ ಕೂರಲಿಲ್ಲ. ಆದರೂ ಸೋಮಭೂಪನು ದಿನವೂ ಕಿರೀಟವನ್ನು ಕೈಯಲ್ಲಿ ಹಿಡಿದು ಅದರ ಮುಂದೆ ನಿಲ್ಲುವನು. ಸಭೆಗೆ ಏನೂ ಕೇಳಿಸದು. ಅವನು ಮಾತ್ರ ಕಿವಿಗೊಟ್ಟು ನಿಂತು, ಒಂದೊಂದು ದಿನ ತಟ್ಟನೆ ಕಣ್ಣೊರೆಸಿಕೊಂಡು, "ಎದ್ದೆ, ಪ್ರಧಾನರೇ, ಎದ್ದೆ," ಎನ್ನುವನು.