ಮಡಚಿಕೊಂಡ ಶೂ

ಮೇಘಶ್ರೀಯ ಕೈಯಲ್ಲಿ ಬಲಗಾಲಿನ ಶೂ ಚಪಾತಿಯಂತೆ ಮಡಚಿಕೊಂಡಿತು!

ಅವಳು ಬೆಚ್ಚಿಬಿದ್ದಳು. ಹಲಗೆಯಂತೆ ಸೆಟೆದು ನಿಲ್ಲಬೇಕಾದ ಅಡಿಭಾಗ ಅದರದು. ಈಗಷ್ಟೇ ಅದನ್ನೇ ತೊಟ್ಟು ಓಡಿ, ರಾಜ್ಯ ತಂಡದ ಆಯ್ಕೆಯಲ್ಲಿ ಸೋತಿದ್ದಳು. ಕಾಲು ಭಾರವೆನಿಸಿದಾಗ ಹೆದರಿಕೆಯೆಂದುಕೊಂಡಿದ್ದಳು.

ಓಟ ನೋಡಲು ಬಂದಿದ್ದ ಪದ್ಮನಾಭನಗರದ ನೆರೆಮನೆಯ ಕಮಲಾದೇವಿ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ಶೂ ಇಸಿದುಕೊಂಡರು. ಪಕ್ಕದಲ್ಲಿ ಸಣ್ಣ ಸೀಳು. ಹೊಸ ಅಂಟು. ಒಳಗೆ ಖಾಲಿ!

“ಇಲ್ಲಿ ಏನಿತ್ತು?”

“ಕಾರ್ಬನ್ ಪಟ್ಟಿ, ಮೇಡಂ,” ಎಂದರು ಕೋಚ್ ದೇವದಾಸ್. “ಬೆರಳ ಹತ್ರ ಪಾದ ಬಗ್ಗೋಕೆ ಬಿಡಲ್ಲ. ಸುತ್ತ ಇರೋ ಸ್ಪಂಜು ತುಳಿದ ಬಲಾನ ವಾಪಸ್ ಕೊಡುತ್ತೆ. ಎರಡೂ ಸೇರಿದ್ರೆ ಅಷ್ಟೇ ಉಸಿರಲ್ಲಿ ಇನ್ನೂ ಜೋರಾಗಿ ಓಡಬಹುದು.”

“ಅಂದ್ರೆ ಯಾರೋ ಇವಳ ವೇಗಾನೇ ಕದ್ದಿದ್ದಾರೆ!”

ಎಲ್ಲರ ಕಣ್ಣೂ ಗೆದ್ದ ಸುಧಾಮಣಿಯ ಮೇಲೆ.

“ನಾನಲ್ಲ ಆಂಟಿ! ಬೇಕಾದ್ರೆ ಬ್ಯಾಗ್ ನೋಡಿ!”

“ಬಿಡಿ ಆಂಟಿ, ಆಗಿದ್ದು ಆಗೋಯ್ತು,” ಎಂದಳು ಮೇಘಶ್ರೀಯ ಅಕ್ಕ ಸಂಗೀತಾ. ಜರಗನಹಳ್ಳಿಯಲ್ಲಿ ಬ್ಯಾಗ್ ಹೊಲಿಯುವ ಅಂಗಡಿ ಅವಳದು. ತಂಗಿಯ ಕೈ ಹಿಡಿದೇ ನಿಂತಿದ್ದಳು.

ಕಮಲಾದೇವಿ ಎಡಗಾಲಿನ ಶೂ ಬಗ್ಗಿಸಿದರು. ಅದು ಬಗ್ಗಲಿಲ್ಲ.

“ಕಳೆದುಹೋದದ್ದನ್ನ ಎಲ್ರೂ ನೋಡಿದ್ರಿ. ಉಳಿದದ್ದನ್ನ ಯಾರೂ ನೋಡ್ಲಿಲ್ಲ. ಸೋಲಿಸಬೇಕು ಅನ್ನೋರು ಎರಡನ್ನೂ ಕೀಳ್ತಿದ್ರು. ಬಲಗಾಲಿಂದು ಮಾತ್ರ ಯಾಕೆ? ಮೇಘಾ, ಆ ಕಾಲಿಗೆ ಏನಾಗಿದೆ?”

ಮೇಘಶ್ರೀ ತಲೆ ತಗ್ಗಿಸಿದಳು. “ಮೂಳೆ ನೋವು. ಯಾರಿಗೂ ಹೇಳಿಲ್ಲ.”

“ಯಾರಿಗೂ?”

“ಅಕ್ಕಂಗೆ ಮಾತ್ರ—”

 ಅಕ್ಕ ಹಿಡಿದಿದ್ದ ಕೈಯನ್ನು ಕಿತ್ತುಕೊಂಡಳು.

“ಕೊಯ್ದು ಅಂಟಿಸಿದ ಕೈ ನಿಂದೇ ಅಲ್ವಾ, ಸಂಗೀತಾ?” ಎಂದರು ಕಮಲಾದೇವಿ.

“ಹೌದು ಆಂಟಿ,” ಎಂದಳು ಸಂಗೀತಾ. “ಇಂಥ ಗಟ್ಟಿ ಶೂನಿಂದ ಪಾದದ ಮೂಳೆಗೆ ಪೆಟ್ಟಾಗಬಹುದು ಅಂತ ಓದಿದ್ದೆ. ಓಡ್ಬೇಡ ಕಣೇ ಅಂದೆ. ನಕ್ಕುಬಿಟ್ಲು. ಪಟ್ಟಿ ತೆಗೆದ್ರೆ ನೋವಿರೋ ಕಾಲಾದ್ರೂ ಉಳಿಯುತ್ತೆ ಅಂದ್ಕೊಂಡೆ.”

“ಅದಕ್ಕೆ? ನನ್ನ ಓಟಾನೇ ಕೊಯ್ದುಬಿಟ್ಯಾ, ಅಕ್ಕಾ?”



ಸಂಜೆ ಜಯನಗರದ ವೈದ್ಯರು ಸ್ಕ್ಯಾನಿನಲ್ಲಿ ಮೂಳೆಯ ಬಿರುಕು ತೋರಿಸಿದರು. ಅದು ಒಂದು ದಿನದ್ದಲ್ಲ, ಬಹಳ ದಿನಗಳಿಂದ ಬೆಳೆದದ್ದು ಎಂದರು. ಮೇಘಶ್ರೀ ಕುಂಟುತ್ತ ಹೊರಬಂದಳು. ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕ ಎದ್ದು ನಿಂತಳು.

“ನೀನು ಹೇಳಿದ್ದು ನಿಜ,” ಎಂದಳು ಮೇಘಶ್ರೀ. “ಆದ್ರೆ ಇವತ್ತು ನನ್ನ ಜೊತೆ ಬರ್ಬೇಡ.”

ಒಬ್ಬಳೇ ಆಟೋ ಹತ್ತಿದಳು.