ಹಸಿರಾಗಿಯೇ ಉಳಿದ ಬೊಟ್ಟು

ಸೋಮವಾರ ಬೆಳಿಗ್ಗೆ ಚೌಳಹಿರಿಯೂರಿನ ಕಾಲುವೆಯಿಂದ ನೀರು ಹಾಯುವ ಹೊಂಡದಲ್ಲಿ ತಿಮ್ಮಕ್ಕ ಸಾಕಿದ್ದ ಮರಿಮೀನುಗಳು ಅಷ್ಟೂ ಸತ್ತು ತೇಲುತ್ತಿದ್ದವು.

"ಮೇಲಿನ ಹೊಲದ ಬೀರಯ್ಯಂದೇ ಕೆಲ್ಸ ಸಾಹೇಬ್ರೆ," ಎಂದಳು ತಿಮ್ಮಕ್ಕ. " ನೀರಿನ ಸರದಿಗೆ ಮೊನ್ನೆ ಜಗಳ ತೆಗ್ದಿದ್ದ."

ಎ.ಎಸ್.ಐ. ಗುರುಮೂರ್ತಿ ಉಗುರಿನ ನೀಲಿ ಕಲೆ ಕೆರೆದುಕೊಳ್ಳುತ್ತ ಕಾಲುವೆ ನೋಡಿದ. ನೀರು ಹರಿಯುತ್ತಲೇ ಇತ್ತು. ಸುರಿದದ್ದು ಏನಿದ್ದರೂ ಕೊಚ್ಚಿಹೋಗಿತ್ತು. ಬೀರಯ್ಯನ ಬೇಲಿಯಲ್ಲಿ ಮಾತ್ರ ಕಳೆನಾಶಕದ ಖಾಲಿ ಡಬ್ಬವೊಂದು ಸಿಕ್ಕಿತು.

"ನಾ... ನಾನಲ್ಲ ಸ್ವಾಮಿ," ಎಂದ ಬೀರಯ್ಯ. ಹುಟ್ಟಿನಿಂದಲೇ ತೊದಲು.

ತಹಶೀಲ್ದಾರರ ಕೆಮ್ಮಿನಿಂದ ಕಂಡಕ್ಟರನ ಸೀಟಿಯವರೆಗೆ ಗುರುಮೂರ್ತಿ ಅಣಕಿಸದ ದನಿಯಿರಲಿಲ್ಲ. ಬಾಯಿ ಸುಮ್ಮನಿರಲಿಲ್ಲ. "ನಾ... ನಾನಲ್ಲ ಸ್ವಾಮಿ! ಮೀ... ಮೀನೇ ಕುಡ್ಕೊಂಡ್ವು!"

ಜನ ಬಿದ್ದು ಬಿದ್ದು ನಕ್ಕರು. ಬೀರಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಜೀಪು ಹತ್ತಿದ. ಅಂದಿನಿಂದ ದಿನವೂ ಠಾಣೆಯ ಬೆಂಚಿನ ಮೇಲೆ ಕೂರುವುದು ಅವನ ಪಾಲಿಗೆ ಬಂತು.

* * *

ಕಡೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕಿ ಮಾಲಿನಿ ಗಾಜಿನ ತೊಟ್ಟಿಯಲ್ಲಿ ಕಡಲ ಪಾಚಿ ಬೆಳೆಸಿದ್ದಳು.

"ಕಡೂರಿಗೂ ಕಡಲಿಗೂ ಏನ್ ಮೇಡಂ ನೆಂಟಸ್ತನ?" ಎಂದ, ಸಾಕ್ಷಿ ಹುಡುಕಿ ಬಂದಿದ್ದ ಗುರುಮೂರ್ತಿ.

"ಬಂದರಿನ ಕೆಸರಲ್ಲಿ ವಿಷ ಇದ್ಯಾ ಅಂತ ನೋಡೋಕೆ ಇದನ್ನ ಬಳಸ್ತಾರೆ ಸಾರ್. ಕಾಲುವೆ ಕೆಸರು ತನ್ನಿ. ಹಿಂಡಿದ ನೀರಿಗೆ ಉಪ್ಪು ಬೆರೆಸಿ ಇಲ್ಲೂ ನೋಡೋಣ. ನೀರು ಹೋಗ್ಬಿಡುತ್ತೆ, ಕೆಸರು ವಿಷಾನ ಹಿಡಿದಿಟ್ಕೊಂಡಿರುತ್ತೆ."

ಗುರುಮೂರ್ತಿ ಮೂರು ಕಡೆಯ ಕೆಸರು ತಂದು, ತನ್ನ ಕೈಯಾರೆ ಚೀಟಿ ಅಂಟಿಸಿಕೊಟ್ಟ. ಕಾಲುವೆಯ ಮೇಲ್ಭಾಗದಲ್ಲಿ ಬೀರಯ್ಯನ ಹೊಲದಂಚು, ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲು, ಇನ್ನೂ ಕೆಳಗೆ ಹೊಂಡ. ಮಾಲಿನಿ ಪಾಚಿಯನ್ನು ಕುಂಕುಮದ ಬೊಟ್ಟಿನಷ್ಟಕ್ಕೆ ಕತ್ತರಿಸಿ ಬಟ್ಟಲುಗಳಿಗೆ ಹಾಕಿದಳು.

ಐದನೇ ದಿನ ಹೊಲದಂಚಿನ ಬೊಟ್ಟು ಬಿಳಚಿತ್ತು. ಉಳಿದೆರಡು ಹಚ್ಚಹಸಿರು.

"ಸಿಕ್ಕಿಬಿದ್ದ ಬೀರಯ್ಯ!"

"ಉಲ್ಟಾ ಸಾರ್. ಒಳ್ಳೇ ಕೆಸರಲ್ಲಿ ಪಾಚಿ ಬೀಜಕಣ ಬಿಟ್ಟು ಬಿಳಚಿಕೊಳ್ಳುತ್ತೆ. ವಿಷ ಇದ್ರೆ ಬಿಡಲ್ಲ, ಹಸಿರಾಗೇ ಕೂರುತ್ತೆ. ಯಾವ ವಿಷ ಅಂತ ಹೇಳಲ್ಲ, ಎಲ್ಲಿ ಅಂತ ಹೇಳುತ್ತೆ. ವಿಷ ಸೇರಿರೋದು ಒಗೆಯೋ ಕಲ್ಲಿನ ಹತ್ರ. ಅಲ್ಲಿ ಯಾರ ತೋಟ ಇದೆ?"

ಗುರುಮೂರ್ತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮೀನು ಸಾಯುವ ಹಿಂದಿನ ದಿನ, ಭಾನುವಾರ, ಅಲ್ಲಿನ ತನ್ನ ದಾಳಿಂಬೆ ತೋಟಕ್ಕೆ ಮೈಲುತುತ್ತದ ನೀಲಿ ದ್ರಾವಣ ಹೊಡೆದಿದ್ದ. ಅರ್ಧ ಡ್ರಮ್ ಉಳಿದಿತ್ತು. ದನ ನೆಕ್ಕೀತೆಂದು ಒಗೆಯುವ ಕಲ್ಲಿನ ಬಳಿ ಬಗ್ಗಿಸಿದ್ದ. ಊರಲ್ಲಿ ಎಲ್ಲರೂ ಹಾಗೆಯೇ ಮಾಡುವುದು.

ಚೀಟಿಗಳ ಮೇಲಿದ್ದದ್ದು ಅವನದೇ ಅಕ್ಷರ. ಎರಡು ಚೀಟಿ ಅದಲುಬದಲಾದರೆ ಕೇಸು ಮುಗಿಯಿತು. ಮಾಲಿನಿ ಇನ್ನೂ ಏನನ್ನೂ ಬರೆದುಕೊಂಡಿರಲಿಲ್ಲ, ಕೈ ತೊಳೆಯಲು ಹೋಗಿದ್ದಳು. ಒಂದು ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿಯೂ ಬಿಟ್ಟ. ಬಿಳಿ ಕಾಗದದ ಮೇಲೆ ನೀಲಿ ಉಗುರು. ಎಬ್ಬಿಸಿದ್ದನ್ನು ಮತ್ತೆ ಒತ್ತಿ ಅಂಟಿಸಿದ.

* * *

ಹೊಂಡದ ಬಳಿ ಊರೇ ಸೇರಿತ್ತು. ಬೀರಯ್ಯ ತಲೆ ಎತ್ತದೆ ನಿಂತಿದ್ದ.

"ಬೀ... ಬೀರಯ್ಯ ಅಲ್ಲ," ಎಂದ ಗುರುಮೂರ್ತಿ. ನಾಲಿಗೆ ಹೊರಳಲಿಲ್ಲ. "ಅವನ ಹೊ... ಹೊಲದ ಕೆಸರು ಚೊಕ್ಕ. ಒಗೆಯೋ ಕಲ್ಲಿನ ಹತ್ರ ಮೈಲುತುತ್ತ ಸುರಿದೋನು ನಾ... ನಾನು."

ಜನ ಗೊಳ್ಳೆಂದರು. "ಥೇಟ್ ಬೀರಯ್ಯನೇ ಕಣ್ರೀ! ಇನ್ನೊಂದ್ಸಲ ಸಾರ್!"

ಗುರುಮೂರ್ತಿ ಎರಡೂ ಕೈ ಮುಂದೆ ಚಾಚಿದ. ಹತ್ತೂ ಉಗುರು ನೀಲಿ. ಹಿಂದಿದ್ದವರಿಗೆ ಅದು ಕಾಣಲಿಲ್ಲ, ನಗು ನಿಲ್ಲಲಿಲ್ಲ.

ಬೀರಯ್ಯ ಆ ಕೈಗಳನ್ನು ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ನ... ನಗಬ್ಯಾಡ್ರೋ. ಅದು ನನ್ ದನಿ ಅಲ್ಲ. ಅವ್ರದ್ದೇ."