ಹಿಂದಿನವರಿಗೆ ಹೇಳು

"ಹಂಪ್!" ಅಂತ ಮುಂದಿನ ಸೈಕಲ್ಲಿನಿಂದ ಅಮೃತೇಶ್ ಕೂಗಿದ.

ಗಾನವಿ ಬ್ರೇಕ್ ಹಿಡಿದು, ಸೀಟಿನಿಂದ ಚೂರು ಮೇಲೆದ್ದು ಹಂಪ್ ದಾಟಿದಳು. ಈಗ ಅವಳು ತನ್ನ ಹಿಂದಿರುವವರಿಗೆ "ಹಂಪ್!" ಅಂತ ಕೂಗಬೇಕಿತ್ತು. ಅದು ರೂಲ್.

ಕೂಗಲಿಲ್ಲ. ತುಟಿ ಬಿಗಿ ಹಿಡಿದುಕೊಂಡು ಪೆಡಲ್ ತುಳಿದಳು.

ಯಾಕೆ ಅಂದರೆ, ಹಿಂದೆ ಬರುತ್ತಿದ್ದವಳು ಚೈತ್ರ. ಚೈತ್ರನ ಜೊತೆ ಅವಳು ಮೊನ್ನೆಯಿಂದ ಟೂ ಬಿಟ್ಟಿದ್ದಳು. ಟೂ ಅಂದರೆ ಟೂ. ಮಾತಿಲ್ಲ, ನಗುವಿಲ್ಲ, ಟಿಫನ್ ಬಾಕ್ಸಿನಲ್ಲಿ ಪಾಲಿಲ್ಲ. ಹಂಪ್ ಅನ್ನೋದೂ ಒಂದು ಮಾತೇ ತಾನೆ?

ಬಜಾರಿನ ಅಂಗಡಿಗಳ ಲೈಟು ರಸ್ತೆ ತುಂಬ ಚೆಲ್ಲಿತ್ತು. ಚೈತ್ರ ಹಂಪನ್ನು ತಾನೇ ನೋಡಿಕೊಂಡು ನಿಧಾನ ಮಾಡಿದಳು. ಏನೂ ಆಗಲಿಲ್ಲ.

'ನೋಡಿದ್ಯಾ, ನಾನು ಹೇಳದೇ ಇದ್ರೂ ನಡಿಯುತ್ತೆ' ಅಂದುಕೊಂಡಳು ಗಾನವಿ.

ಪ್ರತಿ ಶನಿವಾರ ಸಂಜೆ ವನಜಾಕ್ಷಿ ಮಿಸ್ ಮಕ್ಕಳನ್ನೂ, ಬರುವ ಮನಸ್ಸಿದ್ದ ಅಪ್ಪ ಅಮ್ಮಂದಿರನ್ನೂ ಸೇರಿಸಿಕೊಂಡು ಸೈಕಲ್ ಸವಾರಿ ಹೊರಡುತ್ತಿದ್ದರು. ಮಿಸ್ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವರು. "ಹಗಲಿನ ನಂಜನಗೂಡು ನಿಮಗೆಲ್ಲ ಗೊತ್ತು. ಕತ್ತಲಾದ ಮೇಲಿನ ನಂಜನಗೂಡನ್ನ ಯಾರು ನೋಡಿದ್ದೀರಿ, ಕೈ ಎತ್ತಿ?" ಅಂದಿದ್ದರು ಕ್ಲಾಸಿನಲ್ಲಿ. ಎತ್ತಿದ ಕೈಗಳು ಕಡಿಮೆ. ಹಾಗೆ ಶುರುವಾದದ್ದು.

ಹೊರಡುವ ಮುಂಚೆ ಶಾಲೆಯ ಗೇಟಿನ ಹತ್ತಿರ ಮಿಸ್ ಎಲ್ಲರ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡುತ್ತಿದ್ದರು. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು ಉರಿಯುತ್ತಿದೆಯಾ ಅಂತ ಬಗ್ಗಿ ನೋಡುತ್ತಿದ್ದರು.

"ಒಂದೇ ಸಾಲು. ಯಾರೂ ಯಾರನ್ನೂ ಓವರ್‌ಟೇಕ್ ಮಾಡೋ ಹಾಗಿಲ್ಲ. ಹಿಂದಿರುಗಿ ನೋಡೋ ಹಾಗಿಲ್ಲ. ನಾನು ಮುಂದೆ ಇರ್ತೀನಿ. ಗುಂಡಿ ಕಂಡ್ರೆ ಗುಂಡಿ ಅಂತೀನಿ, ನಾಯಿ ಕಂಡ್ರೆ ನಾಯಿ ಅಂತೀನಿ. ನನ್ನ ಮಾತು ಕೊನೇವರ್ಗೂ ಕೇಳಿಸಲ್ಲ. ಅದಕ್ಕೇ ಏನ್ಮಾಡ್ಬೇಕು?"

"ಹಿಂದಿನವರಿಗೆ ಹೇಳ್ಬೇಕು ಮಿಸ್!" ಅಂತ ಎಲ್ಲರೂ ರಾಗ ಎಳೆದರು.

ಸಾಲಿನ ಬಾಲದಲ್ಲಿ ಇರುತ್ತಿದ್ದವರು ಬೆಟ್ಟಸ್ವಾಮಿ, ಅಮೃತೇಶನ ಅಪ್ಪ. ದೊಡ್ಡ ಹೊಟ್ಟೆ, ದೊಡ್ಡ ದನಿ, ಹಳೇ ಕಾಲದ ದೊಡ್ಡ ಸೈಕಲ್ಲು. "ನಾನು ರೈಲಿನ ಗಾರ್ಡ್ ಇದ್ದಂಗೆ ಕಣ್ರಪ್ಪಾ. ನಾನು ಬರೋವರ್ಗೂ ರೈಲು ಬಂದಂಗಲ್ಲ" ಅನ್ನುತ್ತಿದ್ದರು.

ಇನ್ನು ಆ ಟೂ ವಿಷಯ. ಗಾನವಿಗೆ ಕತ್ತಲೆ ಅಂದರೆ ಭಯ. ರಾತ್ರಿ ಹಿತ್ತಲಿನ ಬಚ್ಚಲಿಗೆ ಹೋಗಬೇಕಾದರೆ ಅಜ್ಜಿ ಚನ್ನಾಜಮ್ಮನನ್ನು ಎಬ್ಬಿಸುತ್ತಾಳೆ. ಅಜ್ಜಿ ಬಾಗಿಲಲ್ಲಿ ನಿಂತು "ಇಲ್ಲೇ ಇದ್ದೀನಿ ಕಣವ್ವ, ಇಲ್ಲೇ ಇದ್ದೀನಿ" ಅಂತ ಹೇಳುತ್ತಲೇ ಇರಬೇಕು. ಮಾತು ನಿಂತರೆ ಗಾನವಿ ಅಲ್ಲಿಂದಲೇ "ಅಜ್ಜೀ!" ಅಂತ ಕಿರುಚುತ್ತಾಳೆ. ಇದು ಗುಟ್ಟು. ಪ್ರಪಂಚದಲ್ಲಿ ಚೈತ್ರನಿಗೆ ಮಾತ್ರ ಹೇಳಿದ ಗುಟ್ಟು.

ಆ ಗುಟ್ಟು ಮೊನ್ನೆ ಅಮೃತೇಶನ ಕಿವಿಗೆ ಬಿತ್ತು. ಅವತ್ತಿನಿಂದ ಅವನು ಬೆಂಚಿನ ಕೆಳಗಿನಿಂದ, ನಲ್ಲಿಯ ಹಿಂದಿನಿಂದ, ಎಲ್ಲಿಂದ ಬೇಕೋ ಅಲ್ಲಿಂದ "ಗುಮ್ಮ ಬಂತು, ಗುಮ್ಮ!" ಅಂತಾನೆ.

"ಬಾಯಿ ತಪ್ಪಿ ಬಂದ್ಬಿಡ್ತು ಕಣೇ. ಸಾರಿ" ಅಂದಿದ್ದಳು ಚೈತ್ರ.

"ಹಂಗಾದ್ರೆ ಇನ್ಮೇಲೆ ನನ್ ಹತ್ರ ಬಾಯೇ ಬಿಡ್ಬೇಡ. ಟೂ!"

ಇವತ್ತು ಗಾನವಿ ಮೊದಲ ಸಲ ಸವಾರಿಗೆ ಬಂದದ್ದೂ ಅದಕ್ಕೇ. ಕತ್ತಲೆಯಲ್ಲಿ ಹೋಗಿ ಬಂದು ತೋರಿಸಬೇಕು. ಅಜ್ಜಿ ಅವಳಿಗೆ ಸ್ವೆಟರ್ ಹಾಕುತ್ತಾ, "ರಾತ್ರಿ ಹೊತ್ತು ಸೈಕಲ್ಲಾ? ನೀನಾ?" ಅಂತ ಎರಡೆರಡು ಸಲ ಕೇಳಿದ್ದರು. "ಹೂಂ ಅಜ್ಜಿ, ನಾನೇ" ಅಂದಿದ್ದಳು ಗಾನವಿ, ಗಲ್ಲ ಮೇಲೆತ್ತಿ.

ಬಜಾರು ಮುಗಿಯಿತು. ದೇವಸ್ಥಾನದ ಗೋಪುರದ ದೀಪ ಹಿಂದೆ ಉಳಿಯಿತು. ಟಿ. ನರಸೀಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುತ್ತಲೇ ಬೀದಿ ದೀಪಗಳೂ ಮುಗಿದವು. ಎರಡೂ ಕಡೆ ಕಬ್ಬಿನ ಗದ್ದೆ. ಸಂಕ್ರಾಂತಿ ಕಳೆದ ಚಳಿ. ಕಬ್ಬಿನ ಗರಿಗಳು ಯಾರೋ ಗುಸುಗುಸು ಮಾತಾಡಿದ ಹಾಗೆ ಸದ್ದು ಮಾಡುತ್ತಿದ್ದವು.

ಗಾನವಿಯ ಎದೆ ಡವಡವ ಅಂದಿತು. ಅವಳು ಬೇರೆಲ್ಲೂ ನೋಡಲಿಲ್ಲ. ಅಮೃತೇಶನ ಕೆಂಪು ಲೈಟನ್ನು ಮಾತ್ರ ನೋಡುತ್ತಾ ತುಳಿದಳು.

"ಹುರುಳಿ! ನಿಧಾನ! ಸ್ವಲ್ಪ ಬಲಕ್ಕೆ!" ಅಮೃತೇಶ್ ಕೂಗಿದ.

ಈ ಕಡೆಯ ಊರುಗಳಲ್ಲಿ ಹುರುಳಿ ಕಿತ್ತ ಮೇಲೆ ಗಿಡಗಳನ್ನು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿಗಳ ಚಕ್ರ ಹತ್ತಿ ಹತ್ತಿ ಕಾಳು ಉದುರುತ್ತದೆ. ಹಗಲಾದರೆ ಸೈಕಲ್ಲಿನವರು ಸುತ್ತಿ ಹೋಗುತ್ತಾರೆ. ಕತ್ತಲೆಯಲ್ಲಿ ಅದೂ ರಸ್ತೆಯ ಹಾಗೇ ಕಪ್ಪಗೆ ಕಾಣುತ್ತದೆ.

ಗಾನವಿ ಹ್ಯಾಂಡಲ್ ತಿರುಗಿಸಿ ಬಲಕ್ಕೆ ಬಂದಳು. ಬಾಯಿ ತೆರೆದಳು. 'ಹು' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

ಮುಚ್ಚಿಬಿಟ್ಟಳು. ಚೈತ್ರನ ಹತ್ತಿರವೂ ಲೈಟ್ ಇದೆಯಲ್ಲ.

ಸರ್ರ್ ಅಂತ ಸದ್ದಾಯಿತು. ಆಮೇಲೆ ಧಡ್. ಆಮೇಲೆ "ಅಮ್ಮಾ!"

ಮಿಸ್ ಊದಿದ ವಿಷಲ್ ಕೇಳಿಸಿತು. ಎಲ್ಲರೂ ಸೈಕಲ್ ಇಳಿದು ರಸ್ತೆಯ ಅಂಚಿಗೆ ಬಂದರು. ಚೈತ್ರ ಹುರುಳಿಯ ಮೇಲೆ ಕೂತಿದ್ದಳು. ಒಣಗಿದ ಬಳ್ಳಿ ಚೈನಿಗೆ ಸುತ್ತಿಕೊಂಡು ಚಕ್ರ ನಿಂತುಬಿಟ್ಟಿತ್ತು. ಅವಳ ಮೊಣಕಾಲು ತರಚಿ ರಕ್ತ ಬರುತ್ತಿತ್ತು.

ರಸ್ತೆ ಪಕ್ಕದ ಮನೆಯಿಂದ ಒಬ್ಬ ಹೆಂಗಸು ಟಾರ್ಚ್ ಹಿಡಿದುಕೊಂಡು ಓಡಿ ಬಂದರು. "ಅಯ್ಯೋ, ನನ್ ಕಂದಾ! ಬಿದ್ಬುಟ್ಯಾ? ನಮ್ದೇ ಕಣವ್ವ ಉಳ್ಳಿ. ಕತ್ಲಾಗೋಕ್ ಮುಂಚೆ ಎತ್ತಾಕ್ಬೇಕಿತ್ತು. ನಾನು ಸೊಸೆಗೆ ಏಳ್ದೆ, ಸೊಸೆ ಮಗಂಗೆ ಏಳುದ್ಲು, ಆ ಪುಣ್ಯಾತ್ಮ ಕೇಳಿಸ್ಕಂಡ್ರೆ ತಾನೆ?"

ಅವರ ಹೆಸರು ರಾಚಮ್ಮ. ಮಾತಾಡುತ್ತಲೇ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಮಿಸ್ ಗಾಯ ತೊಳೆದು, ಬ್ಯಾಗಿನಿಂದ ಔಷಧಿ ತೆಗೆದು ಹಚ್ಚಿ ಪಟ್ಟಿ ಕಟ್ಟಿದರು. ಚೈತ್ರ ಹಲ್ಲು ಕಚ್ಚಿ ಕೂತಿದ್ದಳು.

"ನಾನು ಹುರುಳಿ ಅಂತ ಕೂಗಿದೆನಲ್ಲ. ಚೈತ್ರಾ, ನಿನಗೆ ಕೇಳಿಸ್ಲಿಲ್ವಾ?" ಮಿಸ್ ಕೇಳಿದರು.

ಚೈತ್ರ ಗಾನವಿಯ ಕಡೆ ನೋಡಿದಳು. ಆಮೇಲೆ ತನ್ನ ಮೊಣಕಾಲಿನ ಪಟ್ಟಿ ನೋಡಿದಳು.

"ನಾನು ಕೂಗಿದ್ದೆ ಮಿಸ್! ಗಾಡ್ ಪ್ರಾಮಿಸ್!" ಅಂದ ಅಮೃತೇಶ್.

ಗಾನವಿಯ ಕಿವಿ ಬಿಸಿಯಾಯಿತು. "ನನ್ನ ಹತ್ರ ನಿಂತೋಯ್ತು ಮಿಸ್" ಅಂದಳು. "ನಾನು ಹೇಳ್ಲಿಲ್ಲ."

"ಯಾಕೆ?"

"ನಾವು ಟೂ ಬಿಟ್ಟಿದ್ದೀವಿ ಮಿಸ್."

ಯಾರೋ ಕಿಸಕ್ಕನೆ ನಕ್ಕರು. ಮಿಸ್ ನಗಲಿಲ್ಲ, ಬಯ್ಯಲೂ ಇಲ್ಲ. ಗಾನವಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಬೆಟ್ಟಸ್ವಾಮಿ ಅಷ್ಟು ಹೊತ್ತಿಗೆ ನೆಲದ ಮೇಲೆ ಕೂತು ಚೈನಿಗೆ ಸುತ್ತಿದ್ದ ಬಳ್ಳಿ ಬಿಡಿಸುತ್ತಿದ್ದರು. "ಟೂನಾ? ನಮ್ಮನೇಲೂ ನಿನ್ನೆಯಿಂದ ಟೂ ಕಣವ್ವ" ಅಂದರು.

"ಅಪ್ಪಾ!" ಅಮೃತೇಶ್ ನಾಚಿಕೊಂಡ.

"ಇರೋದ್ ಏಳೋಕೆ ಏನ್ಲಾ? ನಿಮ್ಮವ್ವ ನನ್ ಜೊತೆ ಮಾತು ಬಿಟ್ಟವ್ಳೆ. ಆದ್ರೂ ಬೆಳಿಗ್ಗೆ ಕಾಫಿ ಲೋಟ ತಂದು ಟಕ್ ಅಂತ ಕುಕ್ಕುದ್ಲು. ಸಕ್ರೆನೂ ಸರ್ಯಾಗೇ ಆಕಿದ್ಲು. ಸೈಕಲ್ ಹತ್ತೋವಾಗ ನೋಡ್ತೀನಿ, ಹ್ಯಾಂಡಲ್ಲಿಗೆ ನನ್ ಮಫ್ಲರ್ ನೇತಾಕವ್ಳೆ." ಅವರು ಕತ್ತಿನ ಮಫ್ಲರ್ ಎತ್ತಿ ತೋರಿಸಿದರು. "ಮಾತು ಮಾತ್ರ ಇಲ್ಲ."

ಎಲ್ಲರೂ ನಕ್ಕರು. ರಾಚಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಗಾನವಿಗೆ ನಗು ಬರಲಿಲ್ಲ. ಅವಳು ಬೆಟ್ಟಸ್ವಾಮಿಯವರ ಪಕ್ಕ ಕೂತು, ಚಕ್ರದ ಒಳಗೆ ಸಿಕ್ಕಿದ್ದ ಬಳ್ಳಿಯನ್ನು ಒಂದೊಂದಾಗಿ ಎಳೆಯತೊಡಗಿದಳು. ಬೆರಳೆಲ್ಲ ಗ್ರೀಸ್ ಆಯಿತು. ಚೈತ್ರನಿಗೆ ಏನಾದರೂ ಹೇಳಬೇಕು. ಏನು ಅಂತ ಶುರು ಮಾಡುವುದು?

"ಅಪ್ಪಂಗೆ ಫೋನ್ ಮಾಡ್ಲಾ ಚೈತ್ರಾ? ಬೈಕಲ್ಲಿ ಬಂದು ಕರ್ಕೊಂಡು ಹೋಗ್ತಾರೆ" ಅಂದರು ಮಿಸ್.

ಚೈತ್ರ ಎದ್ದು ನಿಂತು ಕಾಲು ಮಡಚಿ ನೋಡಿದಳು. "ಬೇಡ ಮಿಸ್. ತುಳೀತೀನಿ."

"ಹಾಗಾದ್ರೆ ಇಲ್ಲಿಂದ್ಲೇ ವಾಪಸ್ ಹೋಗೋಣ. ನೀನು ನನ್ನ ಹಿಂದೇನೇ ಬಾ. ನಿನ್ನ ಸ್ಪೀಡೇ ಎಲ್ಲರ ಸ್ಪೀಡು. ಗಾನವಿ, ನೀನು ಚೈತ್ರನ ಹಿಂದೆ."

ರಾಚಮ್ಮ ಟಾರ್ಚ್ ಹಿಡಿದು ಹುರುಳಿ ಮುಗಿಯುವ ತನಕ ಜೊತೆಗೇ ನಡೆದು ಬಂದರು. "ಉಷಾರಾಗಿ ಓಗಿ ಮಕ್ಳಾ!" ಅಂತ ಹಿಂದಿನಿಂದ ಅವರ ದನಿ ಬಹಳ ದೂರ ಕೇಳುತ್ತಿತ್ತು.

ಮತ್ತೆ ಕಬ್ಬಿನ ಗದ್ದೆ. ಮತ್ತೆ ಅದೇ ಕತ್ತಲೆ. ಬರುವಾಗ ಇದ್ದದ್ದಕ್ಕಿಂತ ಹೆಚ್ಚಾಗಿತ್ತು. ಈಗ ಗಾನವಿಯ ಮುಂದೆ ಇದ್ದದ್ದು ಚೈತ್ರನ ಕೆಂಪು ಲೈಟು.

'ಅವಳೂ ಹೇಳದೇ ಇದ್ರೆ?' ಅಂತ ಒಂದು ಯೋಚನೆ ಬಂತು. 'ನಾನು ಮಾಡಿದ್ದನ್ನೇ ಅವಳೂ ಮಾಡಿದ್ರೆ?' ಗಾನವಿ ಹ್ಯಾಂಡಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಹಾಗೆ ಮಾಡಿದರೆ ಚೈತ್ರನದು ತಪ್ಪು ಅಂತ ಯಾರೂ ಅನ್ನುವ ಹಾಗಿರಲಿಲ್ಲ.

"ಗುಂಡಿ!" ಚೈತ್ರನ ದನಿ.

ಗಾನವಿ ಗುಂಡಿ ತಪ್ಪಿಸಿದಳು. "ಗುಂಡಿ!" ಅಂತ ಹಿಂದಿದ್ದ ಅಮೃತೇಶನಿಗೆ ಹೇಳಿದಳು. ಅವನು ಅವನ ಹಿಂದಿನವರಿಗೆ ಹೇಳಿದ.

"ಕಲ್ಲು!"

"ಕಲ್ಲು!"

"ಸಗಣಿ!"

"ಸಗಣಿ!" ಸಾಲಿಡೀ ನಕ್ಕಿತು.

ಆಮೇಲೆ ರಸ್ತೆ ನುಣ್ಣಗಿತ್ತು. ಕೂಗುವಂಥದ್ದು ಏನೂ ಇರಲಿಲ್ಲ. ಮಾತು ನಿಂತಿತು. ಕಬ್ಬಿನ ಗುಸುಗುಸು ಹತ್ತಿರ ಬಂತು. ಗಾನವಿಯ ಎದೆ ಮತ್ತೆ ಡವಡವ ಅನ್ನಲು ಶುರು ಮಾಡಿತು.

ಅಷ್ಟರಲ್ಲಿ ಮುಂದಿನಿಂದ ದನಿ ಬಂತು. "ಗುಂಡಿ ಇಲ್ಲ!"

ಗಾನವಿ ಬೆಚ್ಚಿದಳು. ಗುಂಡಿ ಇಲ್ಲ?

"ಹಂಪ್ ಇಲ್ಲ!" ಚೈತ್ರ ಕೂಗಿದಳು. ಸ್ವಲ್ಪ ಹೊತ್ತಿಗೆ, "ನಾಯಿ ಇಲ್ಲ! ಹುರುಳಿ ಇಲ್ಲ!"

"ಇಲ್ದೇ ಇರೋದ್ನೆಲ್ಲ ಯಾಕವ್ವಾ ಕೂಗ್ತೀಯಾ?" ಅಂತ ಬಾಲದಿಂದ ಬೆಟ್ಟಸ್ವಾಮಿ ಕೂಗಿ ಕೇಳಿದರು.

"ಲಾರಿ ಇಲ್ಲ! ಎಮ್ಮೆ ಇಲ್ಲ!" ಅಂತ ಚೈತ್ರ ಕೂಗುತ್ತಲೇ ಹೋದಳು. ಒಂದು ಮುಗಿದು ಗಾನವಿಗೆ ಕತ್ತಲೆ ನೆನಪಾಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು.

ಗಾನವಿಗೆ ಹಿತ್ತಲ ಬಾಗಿಲಲ್ಲಿ ನಿಂತ ಅಜ್ಜಿ ನೆನಪಾದರು. ಇಲ್ಲೇ ಇದ್ದೀನಿ ಕಣವ್ವ, ಇಲ್ಲೇ ಇದ್ದೀನಿ.

ಆ ಗುಟ್ಟನ್ನು ಅವಳು ಚೈತ್ರನಿಗೆ ಪೂರ್ತಿ ಹೇಳಿದ್ದಳು. ಅಜ್ಜಿ ಮಾತಾಡುತ್ತಲೇ ಇರಬೇಕು ಅನ್ನುವುದನ್ನೂ.

ಕಣ್ಣು ಮಂಜಾಯಿತು. ಚೈತ್ರನ ಲೈಟು ಎರಡಾಗಿ ಕಂಡಿತು. ಗಾನವಿ ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಗುಮ್ಮ ಇಲ್ಲ!" ಅಂತ ಕೂಗಿದಳು ಚೈತ್ರ.

ಗಾನವಿ ಉಸಿರು ಎಳೆದುಕೊಂಡು ಜೋರಾಗಿ ಹಿಂದಕ್ಕೆ ಹೇಳಿದಳು, "ಗುಮ್ಮ ಇಲ್ಲ!"

ಅಮೃತೇಶನೂ, "ಗುಮ್ಮ ಇಲ್ಲ!" ಅಂದ. ಅವನ ಹಿಂದಿನವರು ಹೇಳಿದರು. ಅವರ ಹಿಂದಿನವರು ಹೇಳಿದರು. ಮಾತು ಎಲ್ಲೂ ನಿಲ್ಲದೆ ಸಾಲಿನ ತುದಿಯವರೆಗೆ ಹೋಯಿತು.

"ಏನ್ ಇಲ್ವಂತೆ?"

"ಗುಮ್ಮ ಇಲ್ವಂತೆ ಅಂಕಲ್!"

"ಸದ್ಯ ಕಣ್ರಪ್ಪಾ! ನಾನೂ ಎದ್ರುಕಂಡೇ ಬತ್ತಾ ಇದ್ದೆ!"

ನಗು ಹಿಂದಿನಿಂದ ಮುಂದಕ್ಕೆ ಬಂತು. ದೂರದಲ್ಲಿ ನಂಜನಗೂಡಿನ ದೀಪಗಳು ಕಾಣಿಸಿದವು, ಮೊದಲು ಗೋಪುರದ್ದು, ಆಮೇಲೆ ಮಿಕ್ಕದ್ದು.

"ಕೇಳಿಸ್ತು ಕಣೇ ಚೈತ್ರಾ" ಅಂದಳು ಗಾನವಿ.

ಚೈತ್ರ ಹಿಂದಿರುಗಿ ನೋಡಲಿಲ್ಲ. ನೋಡುವ ಹಾಗಿರಲಿಲ್ಲವಲ್ಲ, ರೂಲ್. ಅವಳ ಸೈಕಲ್ಲಿನ ಬೆಲ್ಲು ಮಾತ್ರ ಟ್ರಿಣ್ ಅಂತ ಒಂದು ಸಲ ಸದ್ದು ಮಾಡಿತು.